ದೇವಾಪುರ ಗುಡ್ಡದ ಮೂರು ಪಿಕಳಾರಗಳು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಶಹಾಪುರದ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವಿಭಾಗವೆಂದರೆ ನಾನು, ಒಬ್ಬ ಅತಿಥಿ ಉಪನ್ಯಾಸಕ ಮತ್ತು ಗಾಜಿನ ಭರಣಿಯಲ್ಲಿ ಬಣ್ಣಗೆಟ್ಟ ಒಂದು ಹಾವು. ಇಂಥ ವಿಭಾಗಕ್ಕೆ ಸಂಶೋಧನಾ ಯೋಜನೆಯೊಂದು ಸಿಕ್ಕಾಗ ಸಹೋದ್ಯೋಗಿಗಳಿಗಿಂತ ನನಗೇ ಹೆಚ್ಚು ಆಶ್ಚರ್ಯವಾಗಿತ್ತು.

ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಬಂಡೆಗುಡ್ಡಗಳನ್ನು ಬಿಟ್ಟು ಬದುಕುವುದಿಲ್ಲ. ಯಾದಗಿರಿ ಹತ್ತಿರದ ಹತ್ತಿಕುಣಿಯ ಗುಡ್ಡದಲ್ಲೂ ಅದು ಇದೆ, ಸುರಪುರದ ಬಳಿಯ ದೇವಾಪುರದ ಗುಡ್ಡದಲ್ಲೂ ಇದೆ. ನಡುವೆ ಭೀಮಾ ನದಿ, ಹತ್ತಿ ಹೊಲ, ಕಾಲುವೆ ಬಂದ ಮೇಲೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಇಷ್ಟನ್ನು ದಾಟಿ ಹಾರುವ ಹಕ್ಕಿ ಅದಲ್ಲ. ಹೀಗೆ ಬೇರೆಯಾಗಿ ಉಳಿದ ಎರಡು ಗುಂಪುಗಳ ಹಾಡು ಬೇರೆಯಾಗಿದೆಯೇ, ರಕ್ತದಲ್ಲಿನ ಡಿಎನ್‌ಎ ಬೇರೆಯಾಗಿದೆಯೇ ಎಂದು ನೋಡುವುದು ನಮ್ಮ ಕೆಲಸ.

ಹಾಡಿನ ಭಾಗ ಸಲೀಸಾಗಿ ಮುಗಿಯಿತು. ರೆಕಾರ್ಡ್ ಮಾಡಿದ ದನಿಯನ್ನು ಕಂಪ್ಯೂಟರ್ ಗೆರೆಗಳ ಚಿತ್ರವಾಗಿ ತೋರಿಸುತ್ತದೆ. ಅದನ್ನು ಸ್ಪೆಕ್ಟ್ರೋಗ್ರಾಮ್ ಎನ್ನುತ್ತಾರೆ. ಹತ್ತಿಕುಣಿಯ ಹಕ್ಕಿ ನಾಲ್ಕು ಸಿಳ್ಳೆ ಹಾಕಿ ತಟ್ಟನೆ ನಿಲ್ಲಿಸುತ್ತದೆ. ದೇವಾಪುರದ ಹಕ್ಕಿ ಅದೇ ನಾಲ್ಕು ಸಿಳ್ಳೆಯ ತುದಿಗೆ ಜಾರುವಂಥ ಒಂದು ಗಿರಕಿ ಸೇರಿಸುತ್ತದೆ. ಒಂದು ವಾರ ಕೇಳಿದವರು ಕಣ್ಣು ಮುಚ್ಚಿ ಯಾವ ಊರಿನದೆಂದು ಹೇಳಬಹುದು.

ರಕ್ತದ ಭಾಗಕ್ಕೆ ಕೈ ಬೇಕಿತ್ತು. ಅರಣ್ಯ ಇಲಾಖೆಯ ಅನುಮತಿ ಪಡೆದು, ತೆಳುವಾದ ಬಲೆ ಕಟ್ಟಿ, ಸಿಕ್ಕ ಹಕ್ಕಿಯ ರೆಕ್ಕೆಯ ರಕ್ತನಾಳದಿಂದ ಎರಡು ಹನಿ ರಕ್ತ ತೆಗೆದು, ಕಾಲಿಗೆ ಬಣ್ಣದ ಉಂಗುರ ತೊಡಿಸಿ ಬಿಡಬೇಕು. ಇದಕ್ಕೆ ದೇವಾಪುರದ ಸಾಬಣ್ಣನನ್ನು ತೆಗೆದುಕೊಂಡಿದ್ದೆ. ನಲವತ್ತರ ಆಸುಪಾಸು, ಓದಿದ್ದು ನಾಲ್ಕನೆಯ ಇಯತ್ತೆ, ಮೊದಲು ಕಲ್ಲು ಕ್ವಾರಿಯಲ್ಲಿ ದುಡಿದವನು. ಸುತ್ತಿಗೆ ಹಿಡಿದ ಆ ದಪ್ಪ ಬೆರಳುಗಳು ಬಲೆಯ ಎಳೆಯಿಂದ ಹಕ್ಕಿಯ ಕಾಲು ಬಿಡಿಸುವುದನ್ನು ನೋಡಿದರೆ ನಂಬಿಕೆ ಬರುತ್ತಿರಲಿಲ್ಲ. ರಕ್ತದ ಸಣ್ಣ ಡಬ್ಬಿಗಳ ಮೇಲೆ ಊರಿನ ಗುರುತು, ಸಂಖ್ಯೆ, ತಾರೀಖು ಬರೆಯುವುದನ್ನೂ ಅವನೇ ಕಲಿತುಕೊಂಡ. ಅವನ ಅಕ್ಷರ ನನ್ನ ವಿದ್ಯಾರ್ಥಿಗಳದ್ದಕ್ಕಿಂತ ದುಂಡಗಿತ್ತು.

ಎರಡೂ ಗುಡ್ಡಗಳಿಂದ ಹದಿನಾಲ್ಕು ಹದಿನಾಲ್ಕು ಹಕ್ಕಿಗಳ ರಕ್ತದ ಮಾದರಿಯನ್ನು ಡಿಎನ್‌ಎ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕಳಿಸಿದೆವು. ಬೇಸಿಗೆಯಲ್ಲಿ ಪ್ರಯೋಗಾಲಯದ ವಿಜ್ಞಾನಿಯ ಫೋನ್ ಬಂತು. ಎರಡು ಗುಂಪುಗಳು ನಿಜಕ್ಕೂ ಬೇರೆ ಬೇರೆ ಎಂದು ಅವರು ಹೇಳಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ಮುಂದಿನ ಮಾತು ಕೇಳಿ ಕೂತೆ.

“ದೇವಾಪುರದ್ದೆಂದು ಬರೆದ ಮೂರು ಡಬ್ಬಿಗಳಲ್ಲಿ ಇರುವುದು ಹತ್ತಿಕುಣಿಯ ರಕ್ತ, ಮೇಡಮ್. ಲೇಬಲ್ ತಪ್ಪಿದೆ. ಮೂರು ತಪ್ಪಿದ್ದರೆ ಉಳಿದ ಇಪ್ಪತ್ತೈದನ್ನು ನಾನು ಹೇಗೆ ನಂಬಲಿ?”

ಆ ಮೂರೂ ಹಕ್ಕಿಗಳ ಹಾಡನ್ನು ನಾವೇ ರೆಕಾರ್ಡ್ ಮಾಡಿದ್ದೆವು. ಮೂರೂ ಗಿರಕಿ ಹಾಕಿದ್ದವು. ಹಾಡು ದೇವಾಪುರದ್ದು, ರಕ್ತ ಹತ್ತಿಕುಣಿಯದ್ದು ಎಂದರೆ ಡಬ್ಬಿಯಲ್ಲೇ ಗೋಲ್‌ಮಾಲ್ ಎಂದು ನನಗೆ ಖಾತ್ರಿಯಾಯಿತು. ಹಕ್ಕಿ ಹಿಡಿಯುವ ಅನುಮತಿ ಇನ್ನು ಒಂಬತ್ತೇ ದಿನವಿತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವಂಥದ್ದು. ಮನೆಗೂ ಹೋಗದೆ ಸುರಪುರದ ಬಸ್ ಹತ್ತಿದೆ.

ಸಾಬಣ್ಣ ಬಸ್ ನಿಲ್ದಾಣದ ಎದುರಿನ ಚಹದಂಗಡಿಯಲ್ಲಿ ಸಿಕ್ಕ. ದೇವಾಪುರದ ಬಸ್ಸಿಗೆ ಕಾಯುತ್ತಿದ್ದ ಅವನ ಊರಿನವರು ಏಳೆಂಟು ಜನ ಸುತ್ತಲೂ ಇದ್ದರು. ಅವನನ್ನು ಪಕ್ಕಕ್ಕೆ ಕರೆಯುವ ಬುದ್ಧಿ ನನಗೆ ಬರಲಿಲ್ಲ.

“ಹತ್ತಿಕುಣಿ ರಕ್ತದ ಮ್ಯಾಲ ದೇವಾಪುರ ಅಂತ ಬರದೀಯಲ್ಲ ಸಾಬಣ್ಣ. ಎರಡು ವರ್ಷದ ಕೆಲಸ ನೀರಾಗ ಹೋಗಾಕತ್ತೈತಿ” ಎಂದೆ.

“ಇಲ್ರಿ ಮೇಡಮ್. ನಾ ಹಂಗ ಬರದಿಲ್ರಿ.”

“ಮತ್ತ ಹತ್ತಿಕುಣಿ ಹಕ್ಕಿ ತಾವ ಬಸ್ ಹತ್ತಿ ಬಂದಾವೇನು?”

ಜನ ನಕ್ಕರು. ಸಾಬಣ್ಣನ ಮುಖ ಒಮ್ಮೆಲೆ ಬದಲಾಯಿತು. ಅದು ತಪ್ಪಿತಸ್ಥನ ಮುಖ ಎಂದೇ ನಾನು ತಿಳಿದೆ. ಚಹದ ಕಪ್ಪನ್ನು ಕೆಳಗಿಟ್ಟು ಅವನು ಹೇಳಿದ: “ಡಬ್ಬಿ ಅದಲಿಬದಲಿ ಆಗಿದ್ರ ನಮ್ಮ ಗುಡ್ಡದ ಮೂರು ಹಕ್ಕಿ ರಕ್ತ ಹತ್ತಿಕುಣಿ ಡಬ್ಬ್ಯಾಗ ಇರಬೇಕಿತ್ತಲ್ರಿ. ಅದಾವೇನ್ರಿ?”

ಇರಲಿಲ್ಲ. ಹತ್ತಿಕುಣಿಯ ಹದಿನಾಲ್ಕೂ ಹತ್ತಿಕುಣಿಯವೇ ಆಗಿದ್ದವು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಹೊಳೆಯದ ಪ್ರಶ್ನೆ ಅದು. ಆದರೂ “ನಾಳಿಂದ ಕೆಲಸಕ್ಕ ಬರಬ್ಯಾಡ” ಎಂದು ಹೇಳಿ ಹೊರಟೆ.

ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದಾರಿ ಒಂದೇ ಇತ್ತು: ಅದೇ ಮೂರು ಹಕ್ಕಿಗಳನ್ನು ಉಂಗುರದ ಬಣ್ಣದಿಂದ ಗುರುತಿಸಿ ಮತ್ತೆ ಹಿಡಿದು, ರಕ್ತ ತೆಗೆದು, ನಾನೇ ಹೆಸರು ಬರೆದು ಕಳಿಸುವುದು. ಅರಣ್ಯ ರಕ್ಷಕರೊಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಗುಡ್ಡ ಹತ್ತಿದೆ. ಆರು ದಿನದಲ್ಲಿ ಎರಡು ಹಕ್ಕಿ ಸಿಕ್ಕವು. ಕೆಂಪು ಮತ್ತು ನೀಲಿ ಉಂಗುರದ ಮೂರನೆಯದು ಬಲೆಯ ಮೇಲಿನ ಬಂಡೆಗೆ ಬಂದು ಕೂತು, ಗಿರಕಿ ಹಾಕಿ, ನಮ್ಮನ್ನು ನೋಡಿ ಹೋಗುತ್ತಿತ್ತು.

ಅನುಮತಿಯ ಕೊನೆಯ ದಿನ ಬೆಳಿಗ್ಗೆ ಎಂಟಕ್ಕೆ ಅದು ಬಲೆಗೆ ಬಿತ್ತು. ಬಂಡೆ ಆಗಲೇ ಕಾದಿತ್ತು. ಹಕ್ಕಿ ಎರಡು ಸುತ್ತು ತಿರುಗಿ ಎಳೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಬಿಗಿಯುತ್ತಿತ್ತು. ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡಲಾರಂಭಿಸಿತು. ಬಿಸಿಲಲ್ಲಿ ಇನ್ನು ಮೂರು ನಾಲ್ಕು ನಿಮಿಷವಾದರೆ ಅದು ಸಾಯುತ್ತದೆ ಎಂದು ನನಗೆ ಗೊತ್ತಿತ್ತು.

“ಮೊದಲ ಕಾಲು ಬಿಡಸ್ರಿ. ರೆಕ್ಕಿ ಆಮ್ಯಾಲ” ಎಂದು ಹಿಂದಿನಿಂದ ದನಿ ಬಂತು.

ಹತ್ತು ಹೆಜ್ಜೆ ದೂರದಲ್ಲಿ ಸಾಬಣ್ಣ ನಿಂತಿದ್ದ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. “ನೀನ ಬಿಡಸು ಬಾ” ಎಂದೆ. “ನಾ ಮುಟ್ಟಂಗಿಲ್ರಿ. ನಾಳಿ ಮತ್ತ ನನ್ನ ಮ್ಯಾಲ ಬರ್ತೈತಿ. ಎಡಗಾಲಿನ ಎಳಿ ಮ್ಯಾಲಕ್ಕ ಸರಸ್ರಿ... ಹಾಂ. ಈಗ ಕುತ್ತಿಗಿ.” ಅವನು ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಹಕ್ಕಿ ಕೈಗೆ ಬಂತು. ರಕ್ತ ತೆಗೆದು, ನೀರು ಕುಡಿಸಿ ಬಿಟ್ಟೆ. ಅದು ಹಾರುವುದನ್ನು ನೋಡಿ ತಿರುಗುವಷ್ಟರಲ್ಲಿ ಸಾಬಣ್ಣ ಗುಡ್ಡ ಇಳಿಯುತ್ತಿದ್ದ.

ಮೂರು ವಾರದ ಮೇಲೆ ಫಲಿತಾಂಶ ಬಂತು. ಮೂರೂ ಹತ್ತಿಕುಣಿಯವೇ. ಲೇಬಲ್ ಸರಿಯಾಗಿತ್ತು.

ಮರುದಿನ ದೇವಾಪುರಕ್ಕೆ ಹೋಗಿ ಅವನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. “ನಿನ್ನ ತಪ್ಪಿಲ್ಲ. ಖರೇ ಏನಂತ ನನಗೂ ತಿಳಿವಲ್ದು. ನಿನಗೇನರ ಗೊತ್ತೈತೇನು?” ಎಂದು ಕೇಳಿದೆ.

ಅವನು ಹೆಂಡತಿಯ ಕಡೆ ನೋಡಿದ. ಆಕೆ ಹೂಂ ಎಂದು ತಲೆ ಅಲ್ಲಾಡಿಸಿದ ಮೇಲೆ ಹೇಳಿದ. “ಬಸ್ಸಿನ್ಯಾಗ ಬಂದಾವ್ರಿ ಅವು. ನಾನ ತಂದೀನ್ರಿ.”

ಆರು ವರ್ಷದ ಹಿಂದೆ ಅವನು ಹತ್ತಿಕುಣಿ ಬದಿಯ ಕ್ವಾರಿಯೊಂದರಲ್ಲಿ ಸಿಡಿಮದ್ದು ತುಂಬಲು ಬಂಡೆಗೆ ಕುಳಿ ಕೊರೆಯುತ್ತಿದ್ದ. ಆ ಕೆಲಸಗಾರರಲ್ಲಿ ಒಂದು ರೂಢಿ: ಬತ್ತಿ ಹಚ್ಚುವ ಮೊದಲು ಕುಳಿ ಕೊರೆದವನೇ ಬಂಡೆಯ ಸಂದಿಗಳನ್ನು ನೋಡಬೇಕು, ಗೂಡಿದ್ದರೆ ಅದರ ಮರಿ ಅವನ ಪಾಲಿನ ಹೊಣೆ. ಗೂಡಿನ ಮೇಲೆ ಸಿಡಿಸಿದ ಕಲ್ಲು ಯಾರ ಮನೆಗೂ ಒಳ್ಳೆಯದಲ್ಲವೆಂದು ಅವರ ನಂಬಿಕೆ. ಅವತ್ತು ಎರಡು ಗೂಡುಗಳಲ್ಲಿ ನಾಲ್ಕು ಮರಿ ಸಿಕ್ಕಿದ್ದವು. ಆ ಗುಡ್ಡದಲ್ಲಿ ದಿನಾ ಸಿಡಿಮದ್ದು. ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ತಂದ. ಹೆಂಡತಿ ಮಿಡತೆ ಹಿಡಿದು ತಿನ್ನಿಸಿದಳು. ಒಂದು ಸತ್ತಿತು. ರೆಕ್ಕೆ ಬಲಿತ ಮೂರನ್ನು ಗುಡ್ಡಕ್ಕೆ ಬಿಟ್ಟರು. “ಒಂದ ಗೂಡಿನ್ವು ಎರಡು, ಇನ್ನೊಂದರದ್ದು ಒಂದ್ರಿ” ಎಂದು ಆಕೆ ಸೇರಿಸಿದಳು.

“ಅವತ್ತ ಯಾಕ ಹೇಳಲಿಲ್ಲ?”

“ಈ ಹಕ್ಕಿ ಹಿಡದವ್ರು, ಸಾಕಿದವ್ರು ನನ್ನ ಕೆಲಸಕ್ಕ ಬರಬ್ಯಾಡ್ರಿ, ಕೇಸ್ ಆಗ್ತೈತಿ ಅಂತ ಮೊದಲ ದಿನ ನೀವ ಅಂದಿದ್ರಿ.” ಆಮೇಲೆ ಸೇರಿಸಿದ. “ಅವತ್ತ ನೀವು ಹೇಳಾಕ ಬಂದಿದ್ರಿ. ಇವತ್ತ ಕೇಳಾಕ ಬಂದೀರಿ.”

ಪ್ರಯೋಗಾಲಯಕ್ಕೆ ಫೋನ್ ಮಾಡಿ, ಏನನ್ನೂ ಹೇಳದೆ, ಈ ಮೂರರಲ್ಲಿ ಒಡಹುಟ್ಟಿದವು ಇವೆಯೇ ಎಂದು ಕೇಳಿದೆ. ಎರಡು ಒಂದೇ ತಾಯಿತಂದೆಯವು ಎಂದು ಉತ್ತರ ಬಂತು. ಕೆಟ್ಟ ಮಾದರಿಗಳೆಂದು ಎಸೆಯಲಿದ್ದ ಆ ಮೂರರಿಂದಲೇ ನಮ್ಮ ಕೆಲಸಕ್ಕೆ ಬೆಲೆ ಬಂತು. ರಕ್ತ ಹೆತ್ತವರಿಂದ ಬರುತ್ತದೆ, ಹಾಡನ್ನು ನೆರೆಯವರಿಂದ ಕಲಿಯುತ್ತವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿರಲಿಲ್ಲ. ಮರಿಗಳನ್ನು ತಂದ ಸಂಗತಿಯನ್ನು ನಾನೇ ಅರಣ್ಯಾಧಿಕಾರಿಗಳ ಮುಂದೆ ಹೇಳಿದೆ. ಅವರು ಎಚ್ಚರಿಕೆ ಹೇಳಿ ಬಿಟ್ಟರು.

ಸಾಬಣ್ಣ ಕೇಳಿದ್ದು ಒಂದೇ. “ಮಂದಿ ಮುಂದ ಅಂದಿದ್ರಿ. ಮಂದಿ ಮುಂದ ವಾಪಸ್ ತಗೋರಿ.” ಅದೇ ಚಹದಂಗಡಿಯಲ್ಲಿ, ದೇವಾಪುರದ ಬಸ್ಸಿನ ಹೊತ್ತಿಗೆ, ಎದ್ದು ನಿಂತು ತಪ್ಪು ನನ್ನದೆಂದು ಹೇಳಿದೆ. ಆವತ್ತು ಯಾರೂ ನಗಲಿಲ್ಲ.

ಲೆಕ್ಕ ಹೊಂದದಿದ್ದಾಗ ನಾನು ಮೊದಲು ಅನುಮಾನಿಸಿದ್ದು ನನ್ನ ಊಹೆಯನ್ನಲ್ಲ, ನಮ್ಮಲ್ಲಿ ಎಲ್ಲರಿಗಿಂತ ಕಡಿಮೆ ಓದಿದವನನ್ನು. ಈ ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಅದು, ತಡವಾಗಿ ಕಲಿತೆ.

ಸಾಬಣ್ಣ ಮರುದಿನವೇ ಕೆಲಸಕ್ಕೆ ಬಂದ. ಯೋಜನೆ ಮುಗಿಯುವ ತನಕ ಬಲೆ ಕಟ್ಟಿದ, ಹಕ್ಕಿ ಬಿಡಿಸಿದ, ಉಂಗುರ ತೊಡಿಸಿದ. ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಮಗಳ ಮದುವೆಗೆ ಮನೆಗೇ ಬಂದು ಕರೆದು ಹೋದ. ಆದರೆ ಡಬ್ಬಿಯ ಮೇಲೆ ಬರೆಯುವ ಹೊತ್ತಿಗೆ ನಾನು ಪೆನ್ನು ಚಾಚಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ.

“ನೀವ ಬರೀರಿ, ಮೇಡಮ್.”