ಸವಿತಾಳ ಮುದ್ದೆಗೆ ನಮ್ಮ ಸಾರು

ನಮ್ಮಕ್ಕನ ಮಗಳು ಸವಿತಾ ಊಟ ಬಿಟ್ಟು ಸೊರಗತೊಡಗಿದಾಗ ಊರಿಗೆ ಊರೇ ಅವಳನ್ನು ಹೊಗಳಿತು.

ಎಷ್ಟು ಸ್ಲಿಮ್ ಆಗಿದೀಯೇ ಅಂದರು ಕಾಲೇಜಿನ ಗೆಳತಿಯರು. ಇನ್ನು ಗಂಡು ಹುಡುಕುವುದು ಸಲೀಸು ಅಂದರು ನೆಂಟರು. ಪಕ್ಕದ ಮನೆಯಾಕೆಯಂತೂ ಯಾವ ಡಯೆಟ್ಟು ಅಂತ ಗುಟ್ಟಾಗಿ ವಿಚಾರಿಸಿಕೊಂಡು ಹೋದಳು.

ಪಿಯುಸಿ ಓದುವ ಹುಡುಗಿ ಒಂದು ದಿನ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಬಿದ್ದಳು ನೋಡಿ, ಹೊಗಳಿಕೆ ನಿಂತು ಬೈಗುಳ ಶುರುವಾಯಿತು. ಟೀವಿ ನೋಡಿ ಕೆಟ್ಟಳು, ಫಿಗರ್ ಮೇಂಟೇನ್ ಮಾಡ್ತಾಳೆ, ಕೊಬ್ಬು!

ಅಲ್ಲ ಸ್ವಾಮಿ, ಟೀವಿ ಹಾಕಿದರೆ ಕಿವಿ ಮುಚ್ಚಿಕೊಂಡು ಎದ್ದು ಹೋಗುವ ಹುಡುಗಿ ಅದು. ಕನ್ನಡಿ ನೋಡುವುದು ಬೈತಲೆ ತೆಗೆಯಲು ಮಾತ್ರ. ಆದರೆ ಬೈಯುವವರಿಗೆ ಇಷ್ಟೆಲ್ಲ ವಿವರ ಯಾಕೆ ಬೇಕು?

ಅಕ್ಕನ ಮನೆ ಇರುವುದು ಬಿಡದಿ ಹತ್ತಿರದ ಹಳ್ಳಿಯಲ್ಲಿ. ಸವಿತಾ ಚಿಕ್ಕಂದಿನಿಂದಲೂ ಒಂದೇ ಥರ ಉಂಡವಳು. ಒಲೆ ಪಕ್ಕದ ಮೂಲೆ, ತನ್ನದೇ ತಟ್ಟೆ, ಬಿಸಿ ಮುದ್ದೆ. ಸೊಪ್ಪಿನ ಸಾರು ಬೇರೆ ಬಟ್ಟಲಿನಲ್ಲಿ. ಸಾರನ್ನು ಯಾರೂ ಮುದ್ದೆ ಮೇಲೆ ಸುರಿಯುವಂತಿಲ್ಲ, ಅವಳೇ ಮುರಿದು ಅದ್ದಿ ನುಂಗಬೇಕು. ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ದಿನಾ ಮುದ್ದೆ ಉಣ್ಣುವ ಮನೆಯಲ್ಲಿ ಮುದ್ದೆ ಬಿಟ್ಟು ಬೇರೇನೂ ಉಣ್ಣಲಾಗದವಳು ಕಣ್ಣಿಗೆ ಬೀಳುವುದಾದರೂ ಹೇಗೆ?

ಆಮೇಲೆ ಊರ ಪಕ್ಕಕ್ಕೆ ಫ್ಯಾಕ್ಟರಿಗಳು ಬಂದವು. ಭಾವ ಒಂದರಲ್ಲಿ ಕೆಲಸಕ್ಕೆ ಸೇರಿದರು. ಹಳೇ ಮನೆ ಒಡೆದು ಆರ್‌ಸಿಸಿ ಮನೆ ಎದ್ದಿತು. ಒಲೆ ಹೋಗಿ ಗ್ಯಾಸ್ ಬಂತು, ಮೂಲೆ ಇದ್ದ ಕಡೆ ಡೈನಿಂಗ್ ಟೇಬಲ್ ಬಂತು. ಊಟದ ಹೊತ್ತು ಭಾವನ ಶಿಫ್ಟಿನ ಜೊತೆ ಹಿಂದೆ ಮುಂದೆ ಓಡಾಡತೊಡಗಿತು. ಬೆಳಿಗ್ಗೆ ನೂಡಲ್ಸ್, ರಾತ್ರಿ ಚಪಾತಿ. ಅಪರೂಪಕ್ಕೆ ಮುದ್ದೆ ಮಾಡಿದರೂ ಹಿಟ್ಟು ಪ್ಯಾಕೆಟ್ಟಿನದು. ಎಲ್ಲರೂ ಉದ್ಧಾರವಾದರು. ಸವಿತಾ ಒಂದೊಂದೇ ಹೊತ್ತಿನ ಊಟ ಬಿಡುತ್ತಾ ಬಂದಳು.

ಮೊದಲು ತೋರಿಸಿದ ಡಾಕ್ಟರು ಅವಳಿಗೆ ಸೌಂದರ್ಯದ ಬಗ್ಗೆ ಭಾಷಣ ಕೊಟ್ಟರು. ನಿನ್ನ ದೇಹವನ್ನು ನೀನು ಪ್ರೀತಿಸಬೇಕಮ್ಮ ಅಂದರು. ಗೋಡೆ ಗಡಿಯಾರ ತುಂಬಾ ಸದ್ದು ಮಾಡ್ತಿದೆ, ನಿಲ್ಲಿಸ್ತೀರಾ ಅಂದಳು ಇವಳು.

ಬೆಂಗಳೂರಿನ ಡಾಕ್ಟರಮ್ಮ ಬೇರೆ ಥರದವರು. ಎಲ್ಲಿ ಕೂತು ಉಣ್ಣುತ್ತಿದ್ದೆ, ಈಗ ಯಾವುದು ಹಿಂಸೆಯಾಗುತ್ತೆ ಅಂತ ಕೇಳಿದರು. ಕೇಳಿ, ಉತ್ತರ ಬರುವವರೆಗೂ ಕಾದರು. (ನಮ್ಮ ವಂಶದಲ್ಲಿ ಈ ಪದ್ಧತಿಯೇ ಇಲ್ಲ.) ಇದು ಆಟಿಸಂ ಅಂದರು. ಅದು ಇರುವ ಕೆಲವರಲ್ಲಿ ಊಟ ಬಿಡುವ ಕಾಯಿಲೆಯೂ ಸೇರಿಕೊಳ್ಳುತ್ತದಂತೆ. ತೆಳ್ಳಗಾಗುವ ಆಸೆಯೇ ಇರಬೇಕೆಂದಿಲ್ಲ. ವಾಸನೆ, ಸದ್ದು, ಬದಲಾವಣೆ ತಡೆಯಲಾಗದೆ ಬಿಡುತ್ತಾರೆ, ಕೊನೆಗೆ ಬಿಟ್ಟಿರುವುದೇ ಅಭ್ಯಾಸವಾಗಿಬಿಡುತ್ತದೆ.

ಭಾವ ವಾದಕ್ಕೆ ನಿಂತರು. ಅದು ಮಾತು ಬಾರದ ಮಕ್ಕಳಿಗಲ್ಲವೇ, ಇವಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ದಿನಾ ಒಂದೇ ಥರ ಉಣ್ಣುವುದು ಆಟಿಸಂ ಆದರೆ ನಮ್ಮವ್ವನಿಗೂ ಇತ್ತು ಬಿಡಿ ಅಂದರು. ಇದ್ದಿರಲೂಬಹುದು ಅಂದರು ಡಾಕ್ಟರಮ್ಮ.

ಅಡುಗೆಮನೆಯಲ್ಲಿ ಮತ್ತೆ ಒಂದು ಮೂಲೆ ಹುಟ್ಟಿತು. ರಾಗಿ ಮತ್ತೆ ಮಿಲ್ಲಿಗೆ ಹೋಯಿತು. ಬಲವಂತ ಮಾತ್ರ ಮಾಡಬೇಡಿ, ಈ ಸ್ಥಿತಿಯಲ್ಲಿ ಮತ್ತೆ ಊಟ ಬಿಟ್ಟರೆ ಜೀವಕ್ಕೇ ಅಪಾಯ ಅಂತ ಡಾಕ್ಟರಮ್ಮ ಎಚ್ಚರಿಸಿದ್ದರು. ಮೊದಲು ಎರಡು ತುತ್ತು ಇಳಿಯಿತು, ಆಮೇಲೆ ಅರ್ಧ ಮುದ್ದೆ. ಅರ್ಧ ಮುದ್ದೆ ಉಂಡಳು ಕಣೇ ಅಂತ ಫೋನಿನಲ್ಲಿ ಹೇಳುತ್ತಾ ಅಕ್ಕ ಅತ್ತುಬಿಟ್ಟಳು. ನಾನೂ ಅತ್ತೆ.

ಹೀಗಿರುವಾಗ ಹೋದ ಭಾನುವಾರ ಚನ್ನಪಟ್ಟಣದಲ್ಲಿ ಬೀಗರೂಟ. ಭಾವನ ತಮ್ಮ ಶಿವಣ್ಣನ ಮಗನ ಮದುವೆಯದು. ಹೋಗದಿದ್ದರೆ ಅಣ್ಣತಮ್ಮಂದಿರ ನಡುವೆ ಮಾತೇ ನಿಂತುಹೋಗುತ್ತದೆ. ಅಕ್ಕ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು ಕಟ್ಟಿಕೊಂಡು ಬಂದಳು. ಸವಿತಾಳನ್ನು ಪಂಕ್ತಿಯ ಕೊನೆಯಲ್ಲಿ ಕೂರಿಸಿ, ಮುದ್ದೆಯನ್ನು ಎಲೆ ಮೇಲಿಟ್ಟಳು. ಶಿವಣ್ಣ ಬಾಡಿನ ಸಾರಿನ ಬಕೆಟ್ ಹಿಡಿದು ಬಂದೇಬಿಟ್ಟರು.

"ಹರಕೆ ಐತೆ, ಬಾಡು ಬುಟ್ಟವ್ಳೆ" ಅಂದಳು ಅಕ್ಕ.

ನೀವು ನೋಡಬೇಕಿತ್ತು! ಎತ್ತಿದ ಸೌಟು ತಟ್ಟನೆ ಹಿಂದೆ ಸರಿಯಿತು. ಪಕ್ಕದಲ್ಲಿದ್ದವರು ತಮ್ಮ ಎಲೆಯನ್ನೂ ಒಸಿ ಆಚೆಗೆ ಎಳೆದುಕೊಂಡರು. ಇಷ್ಟು ಮರ್ಯಾದೆಯನ್ನು ಯಾವ ಡಾಕ್ಟರ ಚೀಟಿಯೂ ಕೊಡಿಸುತ್ತಿರಲಿಲ್ಲ.

ಆದರೆ ಸವಿತಾಗೆ ಸುಳ್ಳು ಬರುವುದಿಲ್ಲ. ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಇರುವುದೂ ಬರುವುದಿಲ್ಲ.

"ಹರಕೆ ಏನೂ ಇಲ್ಲ ಚಿಕ್ಕಪ್ಪ. ಆ ವಾಸನೆ ನಂಗೆ ತಡಿಯಕ್ಕಾಗಲ್ಲ. ಮುದ್ದೆಗೆ ತಾಗಿದ್ರೆ ನುಂಗಕ್ಕಾಗಲ್ಲ."

ಇದಕ್ಕಿಂತ ಬಿಡಿಸಿ ಯಾರು ಹೇಳಿಯಾರು?

ಶಿವಣ್ಣನ ಮುಖ ಅರಳಿತು. "ಅಷ್ಟೇಯಾ? ನಾನೇನೋ ದೇವ್ರ ವಿಚಾರ ಅಂದ್ಕಂಡೆ. ಒಂದ್ ತುತ್ತು ಒಳಕ್ಕೋದ್ರೆ ಎಲ್ಲಾ ಸರೋಯ್ತದೆ, ಉಣ್ಣವ್ವ" ಅಂದವರೇ ಮುದ್ದೆ ಮೇಲೆ ಎರಡು ಸೌಟು ಸುರಿದರು. ಪ್ರೀತಿಯಿಂದಲೇ ಸುರಿದರು, ಅದರಲ್ಲಿ ಅನುಮಾನವಿಲ್ಲ.

ಅವಳು ಎದ್ದು ಹೋಗಿ ನಾವು ಬಂದಿದ್ದ ವ್ಯಾನಿನಲ್ಲಿ ಕೂತಳು. ಮನೆಗೆ ಬಂದ ಮೇಲೆ ತನ್ನ ಮೂಲೆಯಲ್ಲಿಟ್ಟ ತಟ್ಟೆಯನ್ನೂ ಮುಟ್ಟಲಿಲ್ಲ. ಮಂಗಳವಾರ ಆಸ್ಪತ್ರೆಗೆ ಸೇರಿಸಿದೆವು. ಕೈಗೆ ಡ್ರಿಪ್ ಹಾಕಿದ್ದಾರೆ. ನನಗೆ ಭಯವಾಗಿದೆ.

ನಿನ್ನೆ ಶಿವಣ್ಣ ಅವಳನ್ನು ನೋಡಲು ಬಂದಿದ್ದರು. ಕಣ್ಣಲ್ಲಿ ನೀರು, ಕೈಯಲ್ಲಿ ಬಾಡಿನ ಸಾರಿನ ಕ್ಯಾರಿಯರ್.