ನನ್ನವಳ ಎಡಗಿವಿಯ ಸದ್ದು

ಗುಜರಾತಿನಲ್ಲಿ ಹಳೆಯ ಸಿಂಥಸೈಜರ್, ಅಂದರೆ ಸದ್ದು ಹುಟ್ಟಿಸುವ ಕೀಬೋರ್ಡ್, ಕೊಳ್ಳುವವರು ನವರಾತ್ರಿ ಮುಗಿಯುವವರೆಗೆ ತಡೆಯಿರಿ. ಗರ್ಬಾ ಕುಣಿತಕ್ಕೆ ನುಡಿಸುವ ಪಾರ್ಟಿಯವರು ಹಬ್ಬ ಮುಗಿಯುತ್ತಲೇ ಇದ್ದದ್ದನ್ನು ಮಾರಿ ಹೊಸದಕ್ಕೆ ಕೈಹಾಕುತ್ತಾರೆ. ವಡೋದರಾದಲ್ಲಿ ನಾನು ಹಾಗೇ ಒಂದನ್ನು ಹಿಡಿದೆ. ‘ಈಗಿನ ಮಾಡೆಲ್, ಕಾಕಾ’ ಎಂದ ಮಾರುವವನು. ‘ಮತ್ತೆ ಮಾರುವುದೇಕೆ?’ ಎಂದು ಕೇಳಿ ಸುಮ್ಮನೆ ನಿಂತೆ. ಚೌಕಾಸಿಯಲ್ಲಿ ಸುಮ್ಮನಿರುವುದೇ ಅರ್ಧ ಕೆಲಸ.

ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಬಡಾವಣೆಯಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ನನ್ನದು. ಯಂತ್ರ ತಂದದ್ದು ಇಲ್ಲಿನ ಕನ್ನಡದವರ ಭಜನೆಗೆಂದು. ಅದು ಕೆಲಸಕ್ಕೆ ಬಂದದ್ದು ಬೇರೆ ಕಡೆ. ಹೆಂಡತಿಗೆ ಬಹಳ ದಿನದಿಂದ ಎಡಗಿವಿಯಲ್ಲಿ ಒಂದು ಸದ್ದು. ಕಿವಿ ಡಾಕ್ಟರು ನೋಡಿ, ಏನೂ ಇಲ್ಲ, ರೂಢಿ ಮಾಡಿಕೊಳ್ಳಿ ಎಂದರು. ಸದ್ದಿಗಿಂತ ಆ ‘ಏನೂ ಇಲ್ಲ’ ಅವಳಿಗೆ ಹೆಚ್ಚು ಚುಚ್ಚಿತು. ‘ಯಾರರೆ ಒಬ್ರು ಒಂದ್ಸಲ ಕೇಳಿದ್ರ ಸಾಕ್ರಿ’ ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಹಿಂದಿನ ಗಲ್ಲಿಯ ಮಗ್ಗಗಳು ನಿಂತಿದ್ದಾಗ, ಅವಳಿಗೆ ಕೇಳುವ ಸದ್ದನ್ನೇ ಹುಟ್ಟಿಸಿ ನೋಡೋಣವೆಂದು ಅವಳನ್ನು ಯಂತ್ರದ ಮುಂದೆ ಕೂರಿಸಿದೆ.

ಇದರಲ್ಲಿ ಎಫ್‌ಎಂ ಅನ್ನುವ ವಿಧಾನವಿದೆ. ರೇಡಿಯೋ ಅಲ್ಲ. ಒಂದು ಸ್ವರ ಇನ್ನೊಂದನ್ನು ನಡುಗಿಸುತ್ತದೆ. ನಡುಗಿಸುವ ಸ್ವರ ನಮಗೆ ಕೇಳುವುದಿಲ್ಲ. ಅದು ಇನ್ನೊಂದಕ್ಕೆ ಮಾಡಿದ್ದು ಮಾತ್ರ ಕೇಳುತ್ತದೆ. ಹಳೆಯ ಯಂತ್ರಗಳಲ್ಲಿ ಯಾವುದು ಯಾವುದನ್ನು ನಡುಗಿಸಬೇಕೆಂದು ಮೊದಲೇ ಕಟ್ಟಿಟ್ಟಿರುತ್ತಿದ್ದರು. ಇದರಲ್ಲಿ ದಾರಿ ನಾವೇ ಹಾಕಬಹುದು. ಬೇಕೆಂದರೆ ಒಂದು ಸ್ವರವನ್ನು, ತನ್ನನ್ನು ತಾನೇ ನಡುಗಿಸಿಕೊಳ್ಳುವಂತೆ, ಅದರೊಳಕ್ಕೇ ತಿರುಗಿಸಬಹುದು.

‘ಹಿಂಗೇನು?’

‘ಅದು ಗುಡಿ ಗಂಟಿ. ನನ್ನದಕ್ಕ ಹೊಡತ ಇಲ್ರಿ. ಬರೇ ಉಳಿದದ್ದು.’

ಹೊಡೆತ ತೆಗೆದೆ.

‘ಈಗ ಸೊಳ್ಳಿ ಆತು.’

‘ಸ್ವಲ್ಪ ಹೊಂದಿಸ್ಕೊ.’

‘ಸೀರಿ ಅಂಗಡಿ ಏನ್ರಿ ಇದು, ಹೊಂದಿಸ್ಕೊಳ್ಳಾಕ?’

ಬೆಲೆ ಕುದುರಿಸುವಾಗ ಬಾಯಿ ನೋಡಬಾರದು, ಮುಖ ನೋಡಬೇಕು. ಸದ್ದಿನಲ್ಲೂ ಹಾಗೇ ಅವಳ ಮುಖ ನೋಡುತ್ತ ದೂರ ಹೋಗಿ, ಹಿಂದೆ ಬಂದು, ಹತ್ತಿರ ಹತ್ತಿರ ಸರಿದೆ. ಕೊನೆಗೆ ನಡುಗಿಸುವ ಸ್ವರವನ್ನು ಅದರೊಳಕ್ಕೇ ತಿರುಗಿಸಿ ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದೆ. ತಂತಿಗೆ ಉಸಿರು ಬಂದ ಹಾಗೆ, ತೆಳ್ಳಗಿನದೊಂದು ಸದ್ದು ಕೋಣೆಯಲ್ಲಿ ಹರಡಿತು.

‘ಯಾಕ ಬಂದ್ ಮಾಡಿದ್ರಿ?’ ಎಂದಳು.

ನನ್ನ ಬೆರಳು ಯಂತ್ರದ ಕೀಲಿಯನ್ನು ಒತ್ತಿಯೇ ಇತ್ತು, ಸದ್ದು ಬರುತ್ತಲೇ ಇತ್ತು. ಅವಳಿಗೆ ಹೊರಗಿನದು ಯಾವುದು, ಒಳಗಿನದು ಯಾವುದು ಬೇರೆಯಾಗಿ ತಿಳಿಯುತ್ತಿರಲಿಲ್ಲ.

‘ಬಂದ್ ಮಾಡಿಲ್ಲ. ನನಗ ಕೇಳಾಕತ್ತೈತಿ.’

ಅವಳು ನನ್ನನ್ನೇ ನೋಡುತ್ತ ಕೂತಳು. ಕಣ್ಣು ತುಂಬಿತ್ತು.

‘ಇದನ್ನ ಇಟ್ಕೊಂಡು ಮನಿ ಕೆಲಸ ಹೆಂಗ ಮಾಡ್ತಿದ್ದಿ?’

‘ನಿಮ್ಮ ಮಾತೂ ಇದರಾಗ ಕೇಳಿಸ್ಕೊಂಡೀನಿ’ ಎಂದು ನಕ್ಕಳು.

ಬೆರಳೆತ್ತಿದೆ. ಅವಳ ಕೈ ಥಟ್ಟನೆ ಎಡಗಿವಿಗೆ ಹೋಯಿತು. ‘ನಂದೂ ನಿಂತು ಹೋತ್ರಿ’ ಎಂದಳು, ಹೆದರಿದವಳಂತೆ. ಕೆಲವರಿಗೆ ಹಾಗೆ ಸ್ವಲ್ಪ ಹೊತ್ತು ನಿಲ್ಲುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಆಗ ನಮಗದು ಗೊತ್ತಿರಲಿಲ್ಲ. ಮತ್ತೆ ಶುರುವಾಗುತ್ತದೋ ಎಂದು ಇಬ್ಬರೂ ಕಿವಿಗೊಟ್ಟು ಕಾದೆವು. ಯಂತ್ರವನ್ನೂ ಪೂರ್ತಿ ಬಂದ್ ಮಾಡಿದೆ.

ಆಗ ಅದು ನಿಧಾನವಾಗಿ, ಎಡಗಡೆಯಿಂದ ಬಂತು. ಅದೇ ತೆಳ್ಳಗಿನ ತಂತಿ.

‘ಹಾಂ, ಬಂತು’ ಎಂದೆ.

ಅವಳು ಕಿವಿಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

‘ನನಗಿನ್ನೂ ಬಂದಿಲ್ಲಲ್ರಿ’ ಎಂದಳು.