ಗಂಟಲು ಹಿಡಿಯುವ ಎಣ್ಣೆ

ಬೀದರಿನ ಮಂಗಲಪೇಟೆಯ ಆ ಓಣಿಯಲ್ಲಿ ಎಸ್ತರಳ ಅಂಗೈಗೆ ತೋರಿಸದೆ ಯಾರೂ ಎಣ್ಣೆಯ ಡಬ್ಬಿ ಕೊಳ್ಳುತ್ತಿರಲಿಲ್ಲ. ಕ್ರಿಸ್ಮಸ್ ಹತ್ತಿರ ಬಂದು ಕರ್ಚಿಕಾಯಿ ಕರಿಯುವ ಕಾಲವಾಯಿತೆಂದರೆ ಹೆಂಗಸರು ಬಟ್ಟಲಲ್ಲಿ ಒಂದಿಷ್ಟು ಎಣ್ಣೆ ಹಿಡಿದು ಅವಳ ಮನೆಯ ಕಟ್ಟೆಗೆ ಬರುವರು. ಅವಳು ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, ಬಿಸಿಯಾಗುವ ತನಕ ತಿಕ್ಕಿ, ಮೂಗಿಗೆ ಹಿಡಿಯುವಳು. ಆಮೇಲೆ ಕಿರುಬೆರಳಿನಿಂದ ನಾಲಗೆಗೆ ಮುಟ್ಟಿಸಿ, ನುಂಗಿ, ಗಂಟಲು ಏನನ್ನುವುದೋ ಎಂದು ಕಾಯುವಳು. ಗಂಟಲು ಸುಮ್ಮನಿದ್ದರೆ ಎಣ್ಣೆ ಒಳ್ಳೆಯದು. ಗಂಟಲು ಹಿಡಿದರೆ ಕಾಳು ಮುಗ್ಗಿದ್ದು, ಇಲ್ಲವೆ ಎಣ್ಣೆ ಹಳೆಯದು.

ಈ ಪಾಠ ಅವಳಿಗೆ ತವರೂರಾದ ಹಲಬರ್ಗಾದಲ್ಲಿ ಆದದ್ದು. ಸುಗ್ಗಿ ಮುಗಿದ ಮೇಲೆ ಅಪ್ಪ ಕುಸುಬಿಯ ಚೀಲಗಳನ್ನು ಬಂಡಿಗೆ ಹೇರಿ ಭಾಲ್ಕಿಯ ಗಾಣಕ್ಕೆ ಒಯ್ಯುವಾಗ ಅವಳನ್ನೂ ಕೂಡಿಸಿಕೊಳ್ಳುತ್ತಿದ್ದ. ಗಾಣದಿಂದ ಇಳಿದ ಬೆಚ್ಚನೆಯ ಎಣ್ಣೆಯನ್ನು ಮೊದಲು ನೆಕ್ಕುವ ಹಕ್ಕು ಅವಳದೇ.

"ನಾಲಿಗಿ ಸುಳ್ಳ ಹೇಳ್ತದ ಮಗಳ, ಗಂಟಲ ಹೇಳಂಗಿಲ್ಲ" ಎನ್ನುತ್ತಿದ್ದ ಅಪ್ಪ.

ಗಂಡ ಸ್ಟೀಫನ ಬೀದರ–ಔರಾದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಬಾಯಿರುಚಿಯ ಮನುಷ್ಯ. ಔರಾದ ನಿಲ್ದಾಣದ ಎದುರಿನ ಮೆಣಸಿನಕಾಯಿ ಭಜಿ ತಿನ್ನದೆ ಒಂದು ದಿನವೂ ಬಸ್ಸು ತಿರುಗಿಸಿದವನಲ್ಲ. ಅಂಥವನ ಗಂಟಲಲ್ಲೇ ಗಡ್ಡೆ ಎದ್ದಿತು. ಹೈದರಾಬಾದಿಗೆ ಒಯ್ದು ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದರು. ಗಡ್ಡೆ ಕರಗಿತು, ತಿಂಗಳುಗಳು ಕಳೆದು ಗಾಯವೂ ಮಾಯಿತು. ಆದರೆ ನಾಲಗೆಯ ರುಚಿ ಹೋದದ್ದು ಮರಳಲಿಲ್ಲ. ಏನು ಕೊಟ್ಟರೂ "ಮಣ್ಣ ತಿಂದಂಗ ಆಗ್ತದ" ಎಂದು ತಟ್ಟೆ ಸರಿಸುವನು.

ಬೀದರಿನ ಡಾಕ್ಟರರು ತೂಕ ನೋಡಿ ಮುಖ ಸಣ್ಣದು ಮಾಡಿದರು. ಖಾರ, ಹುಳಿ ಮುಟ್ಟಿಸಬಾರದು. ಗಂಜಿಯಲ್ಲಿ ಒಂದೊಂದು ಚಮಚ ಒಳ್ಳೆಯ ಎಣ್ಣೆ ಹಾಕಿ ಕೊಡಬೇಕು, ಆಲಿವ್ ಎಣ್ಣೆಯಾದರೆ ಮೇಲು. ಬರುವ ತಿಂಗಳಿಗೂ ತೂಕ ಇಳಿದರೆ ಹೊಟ್ಟೆಗೆ ನಳಿಗೆ ಹಾಕದೆ ಬೇರೆ ದಾರಿಯಿಲ್ಲ ಎಂದರು.

ಮನೆಗೆ ಬರುವಾಗ ಆಟೋದಲ್ಲಿ ಸ್ಟೀಫನ ಹೆಂಡತಿಯ ಕೈ ಹಿಡಿದ.

"ನಳಿಗಿ ಹಾಕಿಸಬ್ಯಾಡ ಎಸ್ತರ. ಬಾಯಿಲೆ ಉಣ್ಣೋ ತನಕ ಮನಷ್ಯಾ. ಆಮ್ಯಾಲ ಬರೇ ಡೀಸೆಲ್ ಟ್ಯಾಂಕ್."

ಎಸ್ತರ ನಗಲಿಲ್ಲ. ಆಗಲಿ ಎನ್ನುವಂತೆ ತಲೆಯಾಡಿಸಿದಳು.

ಆಲಿವ್ ಎಣ್ಣೆಯನ್ನು ಅವಳು ಬಲ್ಲದ್ದು ಚರ್ಚಿನಲ್ಲಿ ಮಾತ್ರ. ರೋಗಿಗಳ ಮೇಲೆ ಪ್ರಾರ್ಥನೆ ಮಾಡುವಾಗ ಪಾದ್ರಿ ಅಯ್ಯನವರು ಜೇಬಿನಿಂದ ಸಣ್ಣ ಶೀಷೆ ತೆಗೆದು ಬೆರಳು ಅದ್ದಿ ಹಣೆಗೆ ಹಚ್ಚುತ್ತಿದ್ದರು. ಅದನ್ನು ಬಾಯಿಗೆ ಹಾಕುವುದೆಂದರೆ ಅವಳಿಗೆ ಒಳಗೊಳಗೇ ಅಂಜಿಕೆ. ಆದರೂ ಸಾಲೆಯಲ್ಲಿ ಕಲಿಸುವ ಮಗಳು ಜಾಸ್ಮಿನಳನ್ನು ಕರೆದುಕೊಂಡು ಖಾಜಾ ಮಿಯಾನ ಕಿರಾಣಿ ಅಂಗಡಿಗೆ ಹೋದಳು. ಅವನಲ್ಲಿ ಮೂರು ಬಗೆ ಇದ್ದವು. ಒಂದು ನೀರಿನಂತೆ ತಿಳಿಯಾದದ್ದು, ಎಲ್ಲಕ್ಕಿಂತ ಅಗ್ಗ. ಇನ್ನೊಂದು ಹಳದಿ. ಮೂರನೆಯದು ಕಪ್ಪು ಬಾಟಲಿಯಲ್ಲಿ, ಹಸಿರು ಬಣ್ಣದ್ದು. ಬಾಟಲಿ ಎಲ್ಲಕ್ಕಿಂತ ಸಣ್ಣದು, ಬೆಲೆ ಎಲ್ಲಕ್ಕಿಂತ ದೊಡ್ಡದು. ಗಂಡನ ಊಟದ ಮಾತಾದ್ದರಿಂದ ಎಸ್ತರ ಮೂರನ್ನೂ ತಂದಳು.

ಮೂರು ಬಸಿಯಲ್ಲಿ ಮೂರು ಎಣ್ಣೆ, ಹೋಲಿಕೆಗೆಂದು ನಾಲ್ಕನೆಯದರಲ್ಲಿ ಮನೆಯ ಕುಸುಬಿ ಎಣ್ಣೆ. ಅಂಗೈಗೆ ಬಿಟ್ಟಳು, ತಿಕ್ಕಿದಳು, ಮೂಸಿದಳು, ನುಂಗಿದಳು. ತಿಳಿಯಾದದ್ದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಗಂಟಲು ಹೂವಿನಂತೆ ಸುಮ್ಮನಿತ್ತು. ಹಳದಿಯದಕ್ಕೆ ಮಾಗಿದ ಹಣ್ಣಿನ ವಾಸನೆ, ಕೊನೆಗೆ ಒಂಚೂರು ಕಹಿ. ಹಸಿರಿನದನ್ನು ನುಂಗಿದ್ದೇ ತಡ, ಗಂಟಲಲ್ಲಿ ಕಿಚ್ಚು ಹತ್ತಿದಂತಾಗಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

ಬಾಟಲಿ ಹಿಡಿದು ಸೀದಾ ಅಂಗಡಿಗೆ ನಡೆದಳು.

"ಮಿಯಾ, ಇದು ಕೆಟ್ಟ ಎಣ್ಣಿ ಅದ. ಗಂಟಲ ಹಿಡಿತದ."

"ಎಲ್ಲಾದರಕಿಂತ ತುಟ್ಟಿ ಎಣ್ಣಿರಿ ಅಮ್ಮಾ ಅದು!"

"ತುಟ್ಟಿ ಆದ್ರ ಮುಗ್ಗಂಗಿಲ್ಲೇನು?"

"ಎಸ್ತರಮ್ಮ ನೋಡ್ಯಾರ ಅಂತ ನಿಮ್ಮ ಹೆಸರ ಹೇಳಿನೇ ಎಣ್ಣಿ ಮಾರ್ತೇನಿ. ನೀವೇ ಹಿಂಗಂದ್ರ ನಾ ಎಲ್ಲಿಗಿ ಹೋಗ್ಲಿರಿ? ಸೀಲ್ ಒಡದದ್ದು ಕಂಪನಿಯವರು ವಾಪಸ್ ತಗೊಳಂಗಿಲ್ಲ. ಮೊಣಕಾಲಿಗೆ ಹಚ್ಚಿಕೊಳ್ರಿ, ದುವಾ ಕೊಡ್ತೀರಿ."

ಅಂದಿನಿಂದ ಗಂಜಿಗೆ ತಿಳಿ ಎಣ್ಣೆ ಬೀಳತೊಡಗಿತು. ಸ್ಟೀಫನ ಎರಡು ಚಮಚ ಕುಡಿದು ಗೋಡೆಯ ಕಡೆ ತಿರುಗುವನು. ಬದಲಾಯಿಸಿ ಹಳದಿಯದನ್ನು ಹಾಕಿದರೂ ಅಷ್ಟೇ. ಅವನ ಕೊರಳ ಎಲುಬು ದಿನದಿನಕ್ಕೆ ಮೇಲೆದ್ದು ಕಾಣುತ್ತಿತ್ತು. ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಎಸ್ತರ ಪ್ರಾರ್ಥಿಸುವಳು. ಪ್ರಾರ್ಥನೆಯ ನಡುವೆಯೇ ಆ ನಳಿಗೆ ಕಣ್ಣ ಮುಂದೆ ಬರುವುದು.

ಒಂದು ರವಿವಾರ ಮಧ್ಯಾಹ್ನ ಅವಳು ಗಂಡನ ಮಂಚದ ಪಕ್ಕ ನೆಲದ ಮೇಲೆ ಕುಳಿತು ಹಸಿರು ಎಣ್ಣೆಯನ್ನು ಮೊಣಕಾಲಿಗೆ ತಿಕ್ಕುತ್ತಿದ್ದಳು. ಸ್ಟೀಫನ ಬಹಳ ಹೊತ್ತು ನೋಡಿದ.

"ಅಷ್ಟ ತುಟ್ಟಿ ಎಣ್ಣಿ ಮೊಣಕಾಲಿಗಿ ಉಣಸ್ಲಾಕತ್ತಿ?"

"ಕೆಟ್ಟದ್ದದರಿ ಅದು."

"ಯಾರ ಹೇಳಿದ್ರು?"

"ಯಾರ ಯಾಕ ಹೇಳಬೇಕು? ನಾನೇ ನೋಡೀನಿ."

"ಮೂರೂ ನೀನೇ ನೋಡಿದಿ. ಉಣ್ಣಾವ ನಾನು. ನನಗ ಯಾರು ಕೇಳಿದ್ರು?"

ಎಸ್ತರಳ ಕೈ ಮೊಣಕಾಲಿನ ಮೇಲೆ ನಿಂತಿತು. ಮದುವೆಯಾದಾಗಿನಿಂದ ಈ ಮನೆಗೆ ಬಂದ ಎಣ್ಣೆಯನ್ನೆಲ್ಲ ಅವಳೇ ಆರಿಸಿದ್ದಳು, ಅವನು ಹೊಗಳಿ ಉಂಡಿದ್ದ. ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

"ಕೆಮ್ಮ ಬರ್ತದರಿ" ಎಂದಳು ಮೆಲ್ಲಗೆ.

"ಬರ್ಲಿ. ಕೆಮ್ಮೇನು ನನಗ ಹೊಸಾದೇನು?"

ಮಿದುವಾಗಿ ಹಿಸುಕಿದ ಅನ್ನಕ್ಕೆ ನಾಲ್ಕು ತೊಟ್ಟು ಬಿಟ್ಟು, ಒಂದು ತುತ್ತು ಅವನ ಬಾಯಿಗಿಟ್ಟಳು. ಅವನು ಎಂದಿನಂತೆ ಮುಖ ಗಂಟಿಕ್ಕಿ ನುಂಗಿದ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕೆಮ್ಮು ಹತ್ತಿತು. ಕಣ್ಣು ಕೆಂಪಾಗಿ ನೀರಿಳಿಯಿತು.

"ಜಾಸ್ಮಿನಾ, ನೀರು ತಾ! ನಾ ಎಂಥಾ ಹುಚ್ಚಿ!"

ಸ್ಟೀಫನ ಬಸ್ಸು ನಿಲ್ಲಿಸುವವನಂತೆ ಕೈ ಎತ್ತಿ ತಡೆದ.

"ತಡಿ. ಹತ್ತಿತು."

"ಏನ್ ಹತ್ತಿತರಿ?"

"ಗಂಟಲಾಗ ಏನೋ ಹತ್ತಿತು. ಔರಾದ ಭಜಿ ಹತ್ತಿದಂಗ." ಅವನು ಉಸಿರು ತೆಗೆದುಕೊಂಡ. "ಇನ್ನೊಂದಿಷ್ಟು ಹಾಕು."

ಅವನು ಬಾಯಿಬಿಟ್ಟು ಇನ್ನೊಂದು ತುತ್ತು ಕೇಳಿ ಎಷ್ಟೋ ತಿಂಗಳಾಗಿತ್ತು. ಗಂಟಲು ಸುಳ್ಳು ಹೇಳುವುದಿಲ್ಲವೆಂದು ಅಪ್ಪ ಹೇಳಿದ್ದ. ಯಾರ ಗಂಟಲು ಎಂಬುದನ್ನು ಹೇಳಿರಲಿಲ್ಲ.

ಜಾಸ್ಮಿನ ಡಾಕ್ಟರರಿಗೆ ಫೋನ್ ಮಾಡಿ ಕೇಳಿದಳು. ಹೊಸದಾಗಿ ತೆಗೆದ ಒಳ್ಳೆಯ ಆಲಿವ್ ಎಣ್ಣೆಯೇ ಹಾಗೆ ಗಂಟಲು ಹಿಡಿಯುತ್ತದೆ, ಕೆಟ್ಟದ್ದಲ್ಲ, ನೋವಿಲ್ಲದಿದ್ದರೆ ಕೊಡಬಹುದೆಂದರು. ಆ ಬಾಟಲಿ ಮುಗಿದ ದಿನ ಎಸ್ತರ ಅಂಗಡಿಯ ಮುಂದೆ ತಲೆ ತಗ್ಗಿಸಿ ನಿಂತಳು.

"ಮಿಯಾ, ಆ ಕೆಟ್ಟ ಎಣ್ಣಿ ಇನ್ನೊಂದು ಕೊಡು."

"ಯಾಕ್ರಿ ಅಮ್ಮಾ, ಇನ್ನೊಂದ ಮೊಣಕಾಲೂ ನೋಯ್ಲಾಕತ್ಯದೇನು?" ಎಂದು ನಕ್ಕವನು, ಅವಳ ಮುಖ ನೋಡಿ ಸುಮ್ಮನೆ ಬಾಟಲಿಯನ್ನು ಕಾಗದದಲ್ಲಿ ಸುತ್ತಿದ.

ಆಸ್ಪತ್ರೆಯಲ್ಲಿ ತೂಕದ ಮುಳ್ಳು ಏರಲಿಲ್ಲ, ಇಳಿಯಲೂ ಇಲ್ಲ. ನಳಿಗೆಯ ಮಾತನ್ನು ಡಾಕ್ಟರರು ಮುಂದೂಡಿದರು. ಮತ್ತೆ ಮುಂದೂಡಿದರು. ನಾಲಗೆಗೆ ರುಚಿ ಬರಲೇ ಇಲ್ಲ. ಸ್ಟೀಫನ ಉಂಡದ್ದು ಗಂಟಲಿನ ಆ ಒಂದು ಚುರುಕಿನ ಆಸೆಗೆ. ಒಂದು ಬೇಸಿಗೆ, ಒಂದು ಮಳೆಗಾಲ ಹಾಗೆಯೇ ಬಾಯಲ್ಲಿ ಉಂಡ.

ಚಳಿಗಾಲಕ್ಕೆ ಬೇನೆ ಎದೆಗೆ ಇಳಿಯಿತು. ಇನ್ನು ಆಸ್ಪತ್ರೆ ಬೇಡವೆಂದು ಎಲ್ಲರಿಗೂ ತಿಳಿದ ದಿನ ಅಯ್ಯನವರು ಬಂದರು. ಪ್ರಾರ್ಥನೆ ಮಾಡಿ ಜೇಬಿನ ಶೀಷೆ ತೆಗೆದರು. ಸ್ಟೀಫನ ಕಣ್ಣು ತೆರೆದು ಶೀಷೆಯನ್ನು ದಿಟ್ಟಿಸಿದ. ಒಳಗಿದ್ದದ್ದು ನೀರಿನಂತೆ ತಿಳಿಯಾಗಿತ್ತು.

"ಅದು ಸಪ್ಪನದು" ಎಂದ, ಕೇಳಿಸಿತೋ ಇಲ್ಲವೋ ಎನ್ನುವ ದನಿಯಲ್ಲಿ. "ಎಸ್ತರ, ಅಯ್ಯನವರಿಗಿ ನಮ್ಮದು ಕೊಡು."

ಎಸ್ತರ ಅಯ್ಯನವರ ಮುಖ ನೋಡಿದಳು. ಅವರು ಶೀಷೆಯ ಬಿರಡೆ ಹಾಕಿ ಜೇಬಿಗಿಳಿಸಿ ಕೈ ಚಾಚಿದರು. ಅವಳು ಅಡುಗೆಮನೆಗೆ ಹೋಗಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿದ್ದ ಕಪ್ಪು ಬಾಟಲಿಯನ್ನು ಸೆರಗಿನಿಂದ ಒರೆಸಿ ತಂದಳು. ಒಂದು ತೊಟ್ಟನ್ನು ತನ್ನ ಅಂಗೈಗೆ ಬಿಟ್ಟುಕೊಂಡು, ಬಿಸಿಯಾಗುವ ತನಕ ತಿಕ್ಕಿ, ಆ ಅಂಗೈಯನ್ನು ಅಯ್ಯನವರ ಮುಂದೆ ಹಿಡಿದಳು.